ದೊಡ್ಡ ಅನುದಾನಕ್ಕೆ ಮುನ್ನ: ಮೈಸೂರು, ಮಂಡ್ಯದ ಆರೋಗ್ಯ ಮತ್ತು ಆರೈಕೆ ಸಂಶೋಧಕರಿಗೆ ಸಮಗ್ರ ಮಾರ್ಗದರ್ಶಿ

ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಹೆರಿಗೆ ವಿಭಾಗದ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ನಗರದಲ್ಲೇ ಉಳಿದಿದ್ದವರನ್ನು ದಶಕಗಳ ಬಳಿಕ ಹುಡುಕಿ ಪರೀಕ್ಷಿಸಿದಾಗ, ಹುಟ್ಟಿನಲ್ಲಿ ತೂಕ ಕಡಿಮೆಯಿದ್ದವರಲ್ಲಿ ಹೃದಯ ರಕ್ತನಾಳದ ಕಾಯಿಲೆ ಹೆಚ್ಚಾಗಿರುವುದು ಕಂಡುಬಂದು, ಆ ವಿಷಯ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನಕ್ಕೆ ಹೊರದೇಶದ ದೊಡ್ಡ ದತ್ತಿಗಳ ನೆರವು ದೊರೆಯಿತು. ಆ ನೆರವನ್ನು ತಂದುಕೊಟ್ಟಿದ್ದು ಅರ್ಜಿಯ ಭಾಷೆಯೊಂದೇ ಅಲ್ಲ. ಅರವತ್ತು ವರ್ಷ ಹಿಂದಿನ ರಿಜಿಸ್ಟರುಗಳು ಮತ್ತು ಅವುಗಳಲ್ಲಿದ್ದ ಹೆಸರುಗಳನ್ನು ಹಿಡಿದು ಬೀದಿ ಬೀದಿ ಸುತ್ತಿದ ಮೊದಲ ಹಂತದ ಕೆಲಸ.

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಯುವ ವೈದ್ಯರು, ಶುಶ್ರೂಷಾ ಅಧ್ಯಾಪಕರು, ಫಿಸಿಯೋಥೆರಪಿಸ್ಟರು ಮತ್ತು ಸಮಾಜಶಾಸ್ತ್ರದವರು ಬರೆದ ಸಂಶೋಧನಾ ಪ್ರಸ್ತಾವನೆಗಳನ್ನು ಹಲವು ವರ್ಷ ಓದಿ ತಿದ್ದಿದ ಅನುಭವದಿಂದ ನನಗೆ ಮನವರಿಕೆಯಾಗಿರುವ ಸಂಗತಿ ಇಷ್ಟೆ: ಅರ್ಜಿ ಸೋಲುವುದು ಅರ್ಜಿ ಬರೆಯುವ ತಿಂಗಳಲ್ಲಿ ಅಲ್ಲ, ಅದರ ಹಿಂದಿನ ವರ್ಷದಲ್ಲಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ಆರ್, ದೊಡ್ಡ ಯೋಜನೆಗೆ ಅರ್ಜಿ ಹಾಕುವ ಮುನ್ನ ಮಾಡಬೇಕಾದ ಸಿದ್ಧತೆಗೆಂದೇ ಪ್ರೋಗ್ರಾಂ ಡೆವಲಪ್‌ಮೆಂಟ್ ಗ್ರಾಂಟ್ ಎಂಬ ಪ್ರತ್ಯೇಕ ಅನುದಾನವನ್ನು ಇಟ್ಟುಕೊಂಡಿದೆ. ನಮ್ಮ ಸಂಶೋಧಕ ಆ ಸಿದ್ಧತೆಯನ್ನು ಬೇರೆ ಬೇರೆ ಹೆಸರಿನ ಪುಟ್ಟ ಹಣಗಳನ್ನು ಜೋಡಿಸಿಕೊಂಡು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ಅದನ್ನು ಯಾವ ಕ್ರಮದಲ್ಲಿ ಕಟ್ಟಿಕೊಳ್ಳಬಹುದು ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳುವುದು

"ಮಂಡ್ಯ ಜಿಲ್ಲೆಯಲ್ಲಿ ಪಾರ್ಶ್ವವಾಯು ರೋಗಿಗಳ ಜೀವನಮಟ್ಟ" ಎಂಬುದು ಶೀರ್ಷಿಕೆಯಾಗಬಹುದು, ಪ್ರಶ್ನೆಯಾಗಲಾರದು. ಲಕ್ವ ಹೊಡೆದು ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿ, ಗುಣಮುಖರಾಗಿ ಪಾಂಡವಪುರ ಅಥವಾ ನಾಗಮಂಗಲದ ಹಳ್ಳಿಗೆ ಮರಳಿದವರಲ್ಲಿ ಮೂರನೆಯ ತಿಂಗಳ ಹೊತ್ತಿಗೆ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿರುವವರು ನೂರಕ್ಕೆ ಎಷ್ಟು ಮಂದಿ, ನಿಲ್ಲಿಸಿದವರು ಏಕೆ ನಿಲ್ಲಿಸಿದರು ಎಂದು ಕೇಳಿಕೊಂಡರೆ ಅದು ಪ್ರಶ್ನೆ. ಯಾರು, ಎಲ್ಲಿ, ಯಾವ ಅವಧಿಯಲ್ಲಿ, ಏನನ್ನು ಅಳೆಯುತ್ತೇವೆ ಎಂಬ ನಾಲ್ಕೂ ಅದರೊಳಗೆ ಬಂದಿವೆ. ಈ ಲೇಖನದ ಉದ್ದಕ್ಕೂ ಇದೇ ಪ್ರಶ್ನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆಯನ್ನು ಬರೆದ ಮೇಲೆ ಅದನ್ನು ಮೂವರ ಮುಂದಿಡಬೇಕು: ಅದೇ ವಿಷಯದ ತಜ್ಞರೊಬ್ಬರು, ಸಂಖ್ಯಾಶಾಸ್ತ್ರ ಬಲ್ಲವರೊಬ್ಬರು, ಮತ್ತು ಆ ಕಾಯಿಲೆಯನ್ನು ಮನೆಯಲ್ಲಿ ಕಂಡವರೊಬ್ಬರು. ಮೂರನೆಯವರನ್ನು ನಮ್ಮಲ್ಲಿ ಬಹುತೇಕ ಎಲ್ಲರೂ ಮರೆಯುತ್ತಾರೆ. ಲಕ್ವ ಹೊಡೆದ ಮಾವನನ್ನು ಎರಡು ವರ್ಷ ಎತ್ತಿ ಇಳಿಸಿ ನೋಡಿಕೊಂಡ ಸೊಸೆಯೊಬ್ಬಳನ್ನು ಕೇಳಿ ನೋಡಿ. ಮಾತ್ರೆಯ ಬೆಲೆಗಿಂತ, ಅದನ್ನು ತರಲು ಪ್ರತಿ ತಿಂಗಳು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾದ ವಿಷಯ ಆಕೆಯ ಬಾಯಿಂದ ಮೊದಲು ಬಂದೀತು. ಹಾಗೆ ಬಂದರೆ ನಿಮ್ಮ ಪ್ರಶ್ನಾವಳಿಯಲ್ಲಿ ಇಲ್ಲದ ಕಾಲಂ ಒಂದು ಸಿಕ್ಕಿತು ಎಂದೇ ಅರ್ಥ.

ಎರಡನೆಯ ಹಂತ: ಹಣ ಪಡೆಯಲು ನಿಮ್ಮ ಸಂಸ್ಥೆ ಅರ್ಹವೇ ಎಂದು ನೋಡುವುದು

ಅನುದಾನವು ಸಾಮಾನ್ಯವಾಗಿ ವ್ಯಕ್ತಿಯ ಖಾತೆಗೆ ಬರುವುದಿಲ್ಲ, ಸಂಸ್ಥೆಯ ಖಾತೆಗೆ ಬರುತ್ತದೆ. ಆದುದರಿಂದ ಪ್ರಸ್ತಾವನೆಯ ಮೊದಲ ಸಾಲು ಬರೆಯುವ ಮುನ್ನ ಆಡಳಿತ ವಿಭಾಗಕ್ಕೆ ಹೋಗಿ ಕೆಲವು ಕಾಗದಗಳನ್ನು ಕಣ್ಣಾರೆ ಕಾಣಬೇಕು. ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಇದು ಸುಲಭ. ಖಾಸಗಿ ಕಾಲೇಜು ಮತ್ತು ಸ್ವಯಂಸೇವಾ ಸಂಸ್ಥೆಗಳಿಂದ ಕೇಂದ್ರದ ಸಂಸ್ಥೆಗಳು ಸಾಮಾನ್ಯವಾಗಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ, ಅಂದರೆ ಡಿಎಸ್‌ಐಆರ್, ನೀಡುವ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಎಂಬ ಮಾನ್ಯತೆಯನ್ನೂ, ಸ್ವಯಂಸೇವಾ ಸಂಸ್ಥೆಯಾದರೆ ನೀತಿ ಆಯೋಗದ ದರ್ಪಣ್ ಜಾಲತಾಣದ ನೋಂದಣಿಯನ್ನೂ ಕೇಳುತ್ತವೆ. ಡಿಎಸ್‌ಐಆರ್ ಮಾನ್ಯತೆಗೆ ಅವಧಿ ಇರುತ್ತದೆ. ಅದು ಮುಗಿದಿರುವುದು ಅರ್ಜಿಯ ಕೊನೆಯ ದಿನದ ಸಂಜೆ ಗೊತ್ತಾದ ಪ್ರಸಂಗವನ್ನು ನಾನೇ ನೋಡಿದ್ದೇನೆ. ಆ ವರ್ಷದ ಅರ್ಜಿ ಅಲ್ಲಿಗೇ ನಿಂತಿತು.

ಜನರನ್ನು ಒಳಗೊಂಡ ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯದು ಇನ್ನೊಂದು ಬಾಗಿಲು. ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ 2019ರ ನಿಯಮಗಳ ಪ್ರಕಾರ, ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಸಮಿತಿಗಳು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಲ್ಲಿಯೂ, ಉಳಿದ ಜೈವಿಕ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಗಳು ಆರೋಗ್ಯ ಸಂಶೋಧನಾ ಇಲಾಖೆಯಲ್ಲಿಯೂ ನೋಂದಣಿ ಮಾಡಿಸಿಕೊಳ್ಳಬೇಕು. ನಿಮ್ಮ ಸಂಸ್ಥೆಯ ಸಮಿತಿಗೆ ಎರಡನೆಯ ನೋಂದಣಿ ಇಲ್ಲದಿದ್ದರೆ ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗುವ ಅಧ್ಯಯನಕ್ಕೂ ಅದು ಕೊಡುವ ಅನುಮತಿಗೆ ಬೆಲೆಯಿಲ್ಲ.

ಮೂರನೆಯ ಹಂತ: ಪುಟ್ಟ ಹಣವನ್ನು ಹುಡುಕುವುದು

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಜೀವಾಳ ಇಲ್ಲಿದೆ, ಆದರೆ ನಮ್ಮವರು ಅತಿ ಕಡಿಮೆ ಗಮನ ಕೊಡುವುದೂ ಇಲ್ಲಿಯೇ. ಕೆಲವು ಸಾವಿರದಿಂದ ಕೆಲವು ಲಕ್ಷದವರೆಗಿನ ಈ ಹಣ ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ, ಬಡ್ತಿಯ ಅರ್ಜಿಯಲ್ಲಿಯೂ ಹೆಚ್ಚು ಅಂಕ ತರುವುದಿಲ್ಲ. ಆದರೆ ದೊಡ್ಡ ಪ್ರಸ್ತಾವನೆಯಲ್ಲಿ "ಪ್ರಾಥಮಿಕ ಮಾಹಿತಿ" ಎಂಬ ಭಾಗವನ್ನು ತುಂಬುವುದು ಇದೇ.

ವಿದ್ಯಾರ್ಥಿಗಳಿಂದ ಆರಂಭಿಸುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗಾಗಿ 1979ರಿಂದ ನಡೆಸಿಕೊಂಡು ಬಂದಿರುವ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯಲ್ಲಿ, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಕಿರು ಅಧ್ಯಯನ ಮಾಡಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಅಧೀನದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಪ್ರತ್ಯೇಕ ಸಂಶೋಧನಾ ಅನುದಾನ ಕೊಡುತ್ತದೆ. ಮೈಸೂರು ವೈದ್ಯಕೀಯ ಕಾಲೇಜು ಮತ್ತು ಮಂಡ್ಯದ ವೈದ್ಯಕೀಯ ಕಾಲೇಜಾದ ಮಿಮ್ಸ್‌ನವರಿಗೆ ಇದು ಹತ್ತಿರದ ದಾರಿ. ನಮ್ಮ ಉದಾಹರಣೆಯಲ್ಲಿ, ಹಿಂದಿನ ಒಂದು ವರ್ಷದ ಬಿಡುಗಡೆ ದಾಖಲೆಗಳನ್ನು ತೆಗೆದು, ಲಕ್ವದಿಂದ ದಾಖಲಾದವರು ತಿಂಗಳಿಗೆ ಎಷ್ಟು ಮಂದಿ, ಅವರಲ್ಲಿ ಫೋನ್ ನಂಬರು ಬರೆದಿರುವುದು ಎಷ್ಟು ಮಂದಿಯದು ಎಂದು ಎಣಿಸುವುದಷ್ಟನ್ನೇ ವಿದ್ಯಾರ್ಥಿಯೊಬ್ಬಳು ಎರಡು ತಿಂಗಳಲ್ಲಿ ಮಾಡಿದರೂ ಸಾಕು. ಕೇಳಲು ಸಪ್ಪೆ ಕೆಲಸ. ಆದರೆ ಈ ಎರಡು ಸಂಖ್ಯೆಗಳಿಲ್ಲದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಆರೋಗ್ಯ ಸಂಶೋಧನಾ ಇಲಾಖೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಾಪಿಸಿರುವ ಬಹುಶಿಸ್ತೀಯ ಸಂಶೋಧನಾ ಘಟಕ, ಎಲ್ಲರೂ ಎಂಆರ್‌ಯು ಎನ್ನುವುದು, ಮೈಸೂರು ವೈದ್ಯಕೀಯ ಕಾಲೇಜಿನಲ್ಲಿಯೂ ಇದೆ. ಇಂತಹ ಘಟಕದ ಉಪಕರಣ ಮತ್ತು ಸಿಬ್ಬಂದಿಯನ್ನು ಬಳಸಲು ಕಾಲೇಜಿನ ಅಧ್ಯಾಪಕರು ಸ್ಥಳೀಯ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕಿರು ಪ್ರಸ್ತಾವನೆ ಮಂಡಿಸಬೇಕು. ಆ ಸಮಿತಿಯ ಮುಂದೆ ಹೇಳಿಸಿಕೊಂಡ ಟೀಕೆ ದೆಹಲಿಯ ತಜ್ಞರಿಂದ ಹೇಳಿಸಿಕೊಳ್ಳುವ ಟೀಕೆಗಿಂತ ಅಗ್ಗ ಎಂದು ನಾನು ಕಿರಿಯರಿಗೆ ಯಾವಾಗಲೂ ಹೇಳುತ್ತೇನೆ. ಮಾನಸಗಂಗೋತ್ರಿಯ ಪಕ್ಕದಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತನ್ನ ಅಧ್ಯಾಪಕರಿಗೆಂದೇ ಸಂಶೋಧನಾ ನಿಧಿಯಿದೆ. ಲಕ್ವದ ನಂತರ ಮಾತು ಕಳೆದುಕೊಂಡವರ ವಿಷಯವನ್ನು ಅಧ್ಯಯನ ಮಾಡುವ ವೈದ್ಯರಿಗೆ ಅಲ್ಲಿನವರೊಬ್ಬರು ಸಹಸಂಶೋಧಕರಾಗಿ ಸಿಕ್ಕರೆ ಪ್ರಸ್ತಾವನೆಯ ತೂಕವೇ ಬದಲಾಗುತ್ತದೆ. ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿ, ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಮತ್ತು ಕಾಲೇಜುಗಳ ಪ್ರಯೋಗಾಲಯ ಸೌಕರ್ಯ ಹೆಚ್ಚಿಸುವ ಯೋಜನೆಗಳನ್ನು ಪ್ರಕಟಿಸುತ್ತದೆ. ಇವು ಪ್ರಯೋಗಾಲಯದ ಕೆಲಸಕ್ಕೆ ಒಗ್ಗುವಷ್ಟು ಸಮುದಾಯ ಅಧ್ಯಯನಕ್ಕೆ ಒಗ್ಗುವುದಿಲ್ಲ.

ಆರೈಕೆಯ ಸಾಮಾಜಿಕ ಮುಖವನ್ನು ನೋಡುವವರು, ಅಂದರೆ ವೃದ್ಧರನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಆ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ ಎಂದು ಕೇಳುವವರು, ವೈದ್ಯಕೀಯ ನಿಧಿಗಳ ಬಾಗಿಲನ್ನೇ ತಟ್ಟುತ್ತಾ ಕೂರಬೇಕಾಗಿಲ್ಲ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಅವರಿಗಾಗಿಯೇ ಇದೆ. ಅದು ನಮ್ಮ ಶುಶ್ರೂಷಾ ಕಾಲೇಜುಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ನಾಲ್ಕನೆಯ ಹಂತ: ಪೈಲಟ್ ಅಧ್ಯಯನ ಮತ್ತು ಅದರಿಂದ ಹುಟ್ಟುವ ಲೆಕ್ಕ

ಮಾದರಿ ಗಾತ್ರವನ್ನು, ಅಂದರೆ ಅಧ್ಯಯನಕ್ಕೆ ಎಷ್ಟು ಮಂದಿ ಬೇಕು ಎಂಬುದನ್ನು, ಎಷ್ಟೋ ಜನ ಕೊನೆಯಲ್ಲಿ ಸಂಖ್ಯಾಶಾಸ್ತ್ರಜ್ಞರ ಬಳಿ ಓಡಿಹೋಗಿ ಬರೆಸಿಕೊಂಡು ಬರುತ್ತಾರೆ. ಆ ಸಂಖ್ಯೆ ಇಡೀ ಯೋಜನೆಯ ಅವಧಿಯನ್ನೂ ಸಿಬ್ಬಂದಿಯನ್ನೂ ಹಣವನ್ನೂ ತೀರ್ಮಾನಿಸುವುದರಿಂದ ಅದನ್ನು ಮೊದಲೇ, ಸ್ವತಃ ಮಾಡಿ ನೋಡಬೇಕು.

ಶೇಕಡಾವಾರು ಅಂದಾಜಿನ ಸರಳ ಸೂತ್ರ ಸಮುದಾಯ ವೈದ್ಯಶಾಸ್ತ್ರದ ಎಲ್ಲರಿಗೂ ಗೊತ್ತು: ನಿರೀಕ್ಷಿತ ಶೇಕಡಾವನ್ನು ಉಳಿದ ಶೇಕಡಾದಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಪ್ಪಬಹುದಾದ ತಪ್ಪಿನ ವರ್ಗದಿಂದ ಭಾಗಿಸುವುದು. ಮಾತ್ರೆ ತಪ್ಪದೆ ತೆಗೆದುಕೊಳ್ಳುವವರು ಎಷ್ಟು ಮಂದಿ ಎಂಬುದರ ಸುಳಿವೇ ಇಲ್ಲದಿದ್ದರೆ ನಿರೀಕ್ಷೆಯನ್ನು 50 ಎಂದು ಇಟ್ಟುಕೊಳ್ಳಬೇಕು. ತಪ್ಪು ಶೇ 7ರ ಒಳಗಿರಲಿ ಎಂದರೆ 4 ಗುಣಿಸು 50 ಗುಣಿಸು 50, ಭಾಗಿಸು 49, ಅಂದರೆ ಸುಮಾರು 204 ಮಂದಿ. ಮೂರು ತಿಂಗಳಲ್ಲಿ ಐವರಲ್ಲಿ ಒಬ್ಬರು ಊರು ಬಿಟ್ಟು, ತೀರಿಕೊಂಡು ಅಥವಾ ಫೋನಿಗೆ ಸಿಗದೆ ಕೈತಪ್ಪುತ್ತಾರೆ ಎಂದುಕೊಂಡರೆ 204ನ್ನು 0.8ರಿಂದ ಭಾಗಿಸಿ 255 ಮಂದಿಯನ್ನು ಸೇರಿಸಿಕೊಳ್ಳಬೇಕು. ವಿದ್ಯಾರ್ಥಿನಿ ಎಣಿಸಿದ ರಿಜಿಸ್ಟರಿನಲ್ಲಿ ತಿಂಗಳಿಗೆ 25 ಅರ್ಹ ರೋಗಿಗಳು ಸಿಕ್ಕಿದ್ದಾರೆ ಎಂದಿಟ್ಟುಕೊಳ್ಳಿ. ಎಲ್ಲರೂ ಒಪ್ಪಿದರೂ ಸೇರಿಸಿಕೊಳ್ಳುವುದಕ್ಕೇ ಹತ್ತು ತಿಂಗಳು ದಾಟುತ್ತದೆ. ಕೊನೆಯವರ ಮೂರು ತಿಂಗಳ ಭೇಟಿ, ಆರಂಭದ ತರಬೇತಿ, ಕೊನೆಯ ವಿಶ್ಲೇಷಣೆ ಎಲ್ಲ ಸೇರಿದರೆ ಒಂದು ವರ್ಷದ ಯೋಜನೆ ಒಂದೂಮುಕ್ಕಾಲು ವರ್ಷಕ್ಕೆ ಬಂದು ನಿಲ್ಲುತ್ತದೆ. ಒಂದು ವರ್ಷ ಎಂದು ಬರೆದ ಅರ್ಜಿಯನ್ನು ಅನುಭವಿ ಪರಿಶೀಲಕರು ಇದೇ ಲೆಕ್ಕ ಹಾಕಿ ಪಕ್ಕಕ್ಕಿಡುತ್ತಾರೆ.

ಇನ್ನು ಪುಟ್ಟ ಹಣದಲ್ಲಿ 30 ಮಂದಿಯ ಪೈಲಟ್, ಅಂದರೆ ದೊಡ್ಡ ಅಧ್ಯಯನಕ್ಕೆ ಮುಂಚಿನ ಪುಟ್ಟ ಪರೀಕ್ಷೆ, ಮಾಡಿದಿರಿ, ಅವರಲ್ಲಿ 9 ಮಂದಿ ಮಾತ್ರ ಮಾತ್ರೆ ತಪ್ಪಿಸಿಲ್ಲ ಎಂದುಕೊಳ್ಳೋಣ. ಆಗ ನಿರೀಕ್ಷೆ 30 ಆಗಿ, ಬೇಕಾದವರು 172ಕ್ಕೆ ಇಳಿದು, ಕೈತಪ್ಪುವವರನ್ನು ಸೇರಿಸಿದರೆ 215 ಆಗುತ್ತದೆ. ನಲವತ್ತು ರೋಗಿಗಳು, ಅಂದರೆ ಒಂದೂವರೆ ತಿಂಗಳಿಗೂ ಹೆಚ್ಚಿನ ಸಂಬಳ ಮತ್ತು ಪ್ರಯಾಣ ಉಳಿಯಿತು. ಮೂವತ್ತು ಮಂದಿಯಿಂದ ಬಂದ ಶೇಕಡಾ ಅಷ್ಟೇನೂ ಗಟ್ಟಿಯಲ್ಲವಾದ್ದರಿಂದ, ಬೇರೆಡೆ ನಡೆದ ಪ್ರಕಟಿತ ಅಧ್ಯಯನಗಳ ಅಂಕಿಯನ್ನೂ ಅದರ ಪಕ್ಕದಲ್ಲಿಟ್ಟು ತೋರಿಸುವುದು ಪ್ರಾಮಾಣಿಕತೆ.

ಪೈಲಟ್‌ನಿಂದ ಸಿಗುವುದು ಸಂಖ್ಯೆ ಮಾತ್ರವಲ್ಲ. ಮಂಡ್ಯದ ನಾಲೆ ಬಯಲಿನಲ್ಲಿ ನಾಟಿಯ ಕಾಲಕ್ಕೋ ಕಬ್ಬು ಕಡಿಯುವ ಕಾಲಕ್ಕೋ ಹಗಲು ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವುದು ರೋಗಿ ಮತ್ತು ಮೊಮ್ಮಕ್ಕಳು. ಉತ್ತರ ಹೇಳಬೇಕಾದವರು ಗದ್ದೆಯಲ್ಲಿರುತ್ತಾರೆ. ಬೆಳಗ್ಗೆ ಏಳರ ಒಳಗೆ ಅಥವಾ ಸಂಜೆ ಆರರ ಮೇಲೆ ಹೋಗಬೇಕೆಂದರೆ ಕ್ಷೇತ್ರ ಸಿಬ್ಬಂದಿಯಾಗಿ ಹೆಣ್ಣುಮಕ್ಕಳನ್ನು ನೇಮಿಸಿದ್ದಲ್ಲಿ ಬಸ್ಸನ್ನು ನಂಬಿ ಕೂರಲಾಗದು, ಬಾಡಿಗೆ ವಾಹನದ ಹಣ ಬಜೆಟ್ಟಿನಲ್ಲಿ ಇರಬೇಕಾಗುತ್ತದೆ. ಇದನ್ನು ಪೈಲಟ್‌ನ ಅನುಭವವೆಂದು ಒಂದು ಸಾಲಿನಲ್ಲಿ ಬರೆದರೆ, ದುಬಾರಿ ಎನಿಸುವ ಪ್ರಯಾಣ ವೆಚ್ಚವನ್ನು ಯಾರೂ ಕತ್ತರಿಸುವುದಿಲ್ಲ.

ಐದನೆಯ ಹಂತ: ಅನುಮತಿಗಳು ಮತ್ತು ಒಪ್ಪಿಗೆ ಪತ್ರದ ಕನ್ನಡ

ಹಳ್ಳಿಗೆ ಹೋಗುವ ಅಧ್ಯಯನಕ್ಕೆ ಜಿಲ್ಲಾ ಆರೋಗ್ಯ ಅಧಿಕಾರಿಯ ಪತ್ರ ಬೇಕು. ಆ ಪತ್ರದ ಪ್ರತಿಯನ್ನು ತಾಲ್ಲೂಕು ಆರೋಗ್ಯ ಅಧಿಕಾರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮುಟ್ಟಿಸಿದ ಮೇಲಷ್ಟೇ ಆಶಾ ಕಾರ್ಯಕರ್ತೆ ನಿಮ್ಮೊಂದಿಗೆ ನಿಶ್ಚಿಂತೆಯಿಂದ ಬರುತ್ತಾಳೆ. ಅಂಗನವಾಡಿಯಾದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಹೆಗ್ಗಡದೇವನಕೋಟೆಯ ಜೇನುಕುರುಬರ ಹಾಡಿಗಳಲ್ಲಿ ಕೆಲಸ ಮಾಡುವವರು ಬುಡಕಟ್ಟು ಅಭಿವೃದ್ಧಿಯ ಕಚೇರಿಯ ಅನುಮತಿಯ ಜೊತೆಗೆ ಹಾಡಿಯ ಯಜಮಾನರ ಒಪ್ಪಿಗೆಯನ್ನೂ ಪಡೆಯಬೇಕು. ಆದರೆ ಯಜಮಾನರ ಒಪ್ಪಿಗೆ ಪ್ರತಿಯೊಬ್ಬರ ಸ್ವಂತ ಒಪ್ಪಿಗೆಗೆ ಬದಲಿಯಾಗುವುದಿಲ್ಲ.

ಯೋಜನೆಯಲ್ಲಿ ಅಲ್ಟ್ರಾಸೌಂಡ್ ಯಂತ್ರವೇನಾದರೂ ಇದ್ದರೆ, ಅದನ್ನು ಕುತ್ತಿಗೆಯ ರಕ್ತನಾಳ ನೋಡಲು ತಂದಿದ್ದರೂ ಸರಿ, ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯಿದೆಯಡಿ ನೋಂದಣಿ ಮಾಡಿಸಬೇಕು. ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು 2023ರಲ್ಲಿ ಬಯಲಾದ ಮಂಡ್ಯ ಜಿಲ್ಲೆಯಲ್ಲಂತೂ ಇಂತಹ ಯಂತ್ರವನ್ನು ವಾಹನದಲ್ಲಿ ಹಳ್ಳಿಯಿಂದ ಹಳ್ಳಿಗೆ ಒಯ್ಯುವ ಯೋಚನೆಯನ್ನೇ ಕೈಬಿಡುವುದು ಕ್ಷೇಮ.

ನೈತಿಕ ಸಮಿತಿಗೆ ಐಸಿಎಂಆರ್‌ನ 2017ರ ರಾಷ್ಟ್ರೀಯ ಮಾರ್ಗಸೂಚಿಯೇ ಆಧಾರ. ಏಳರಿಂದ ಹದಿನೈದು ಸದಸ್ಯರ ಆ ಸಮಿತಿಯಲ್ಲಿ ವೈದ್ಯರಲ್ಲದವರೂ ಸಾಮಾನ್ಯ ನಾಗರಿಕರೂ ಇರುತ್ತಾರೆ, ಮತ್ತು ಕನ್ನಡ ಒಪ್ಪಿಗೆ ಪತ್ರವನ್ನು ನಿಜವಾಗಿ ಓದುವವರು ಅವರೇ. ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹಿಂದೊಮ್ಮೆ ಒಪ್ಪಿಗೆ ಪತ್ರವೊಂದನ್ನು ನಾನೇ ಕನ್ನಡಿಸಿದ್ದೆ. "ಯಾದೃಚ್ಛಿಕ ಹಂಚಿಕೆ", "ಗೌಪ್ಯತೆಯನ್ನು ಕಾಯ್ದುಕೊಳ್ಳಲಾಗುವುದು", "ಸ್ವಯಂಪ್ರೇರಿತ ಸಹಭಾಗಿತ್ವ" ಎಂದೆಲ್ಲ ಬರೆದು ಹೆಮ್ಮೆಪಟ್ಟಿದ್ದೆ. ಮದ್ದೂರಿನ ಕಡೆಯ ಅಜ್ಜರೊಬ್ಬರು ಪೂರ್ತಿ ಕೇಳಿಸಿಕೊಂಡು, "ಇದು ಕೋರ್ಟಿನ ಕಾಗ್ದ ಕಣಪ್ಪ, ನಾನ್ಯಾಕೆ ಸೈನ್ ಹಾಕ್ಲಿ" ಎಂದು ಎದ್ದುಹೋದರು. ಆಮೇಲೆ "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಚಿಕಿತ್ಸೆ ಎಂದು ನಾವು ಮೊದಲೇ ತೀರ್ಮಾನ ಮಾಡಿರುವುದಿಲ್ಲ", "ನಿಮ್ಮ ಹೆಸರು ಹೊರಗೆ ಬಾರದ ಹಾಗೆ ನೋಡಿಕೊಳ್ಳುತ್ತೇವೆ", "ಬೇಡ ಎಂದರೂ ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡುವುದರಲ್ಲಿ ವ್ಯತ್ಯಾಸವಾಗುವುದಿಲ್ಲ" ಎಂದು ಬದಲಿಸಿದೆವು. ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು, ಆ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಇನ್ನೊಬ್ಬರು ಅನುವಾದಿಸಿ ತಾಳೆ ನೋಡುವ ಪದ್ಧತಿ ಅಗತ್ಯವೇ. ಆದರೆ ನನ್ನ ಯಾದೃಚ್ಛಿಕವೂ ಆ ಪರೀಕ್ಷೆಯಲ್ಲಿ ಪಾಸಾಗಿತ್ತು ಎಂಬುದನ್ನು ಮರೆಯಬಾರದು. ಐದಾರು ಮಂದಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದನ್ನು ಕೇಳಿಸಿಕೊಳ್ಳುವುದೇ ಸರಿಯಾದ ಪರೀಕ್ಷೆ.

ಚಿಕಿತ್ಸೆಯನ್ನೋ ತರಬೇತಿಯನ್ನೋ ಕೊಟ್ಟು ಪರಿಣಾಮ ನೋಡುವ ಅಧ್ಯಯನವಾದರೆ ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿ ಪುಸ್ತಕವಾದ ಸಿಟಿಆರ್‌ಐಯಲ್ಲಿ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಆರಂಭವಾಗಿಬಿಟ್ಟ ಪ್ರಯೋಗಗಳನ್ನು ಅಲ್ಲಿ ಸ್ವೀಕರಿಸುವುದಿಲ್ಲ.

ಆರನೆಯ ಹಂತ: ದೊಡ್ಡ ಯೋಜನೆಗಳಲ್ಲಿ ನಿಮ್ಮದು ಯಾವುದು

1911ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 1949ರಿಂದ ಈಗಿನ ಹೆಸರಿನಲ್ಲಿರುವ ಐಸಿಎಂಆರ್ ಮೊದಲ ಆಯ್ಕೆ. ಅದರ ಹೊರಸಂಸ್ಥೆಗಳಿಗಾಗಿನ ಅನುದಾನದಲ್ಲಿ ಸಣ್ಣ ಅನುದಾನವೆಂದರೆ 2 ಕೋಟಿ ರೂಪಾಯಿಯವರೆಗೆ, ಮಧ್ಯಮವೆಂದರೆ 2ರಿಂದ 8 ಕೋಟಿಯವರೆಗೆ. ಸಣ್ಣದು ಎಂಬ ಹೆಸರು ಕೇಳಿ ಯಾರೂ ಮೋಸಹೋಗಬಾರದು. ಮೊದಲ ಬಾರಿ ಅರ್ಜಿ ಹಾಕುವ ಮಂಡ್ಯದ ಸಹಾಯಕ ಪ್ರಾಧ್ಯಾಪಕರೊಬ್ಬರು 2 ಕೋಟಿಯ ಮಿತಿ ಇದೆಯೆಂದು 1 ಕೋಟಿ 95 ಲಕ್ಷ ಕೇಳಿದರೆ ಅದು ಎದ್ದು ಕಾಣುತ್ತದೆ. ನಮ್ಮ ಲಕ್ವದ ಅಧ್ಯಯನಕ್ಕೆ ಅದರ ಕಾಲು ಭಾಗವೂ ಬೇಡ. ಅರ್ಜಿ ಆಹ್ವಾನಿಸುವ ಕರೆಯಲ್ಲಿ ಆದ್ಯತೆಯ ವಿಷಯಗಳ ಪಟ್ಟಿ ಕೊಟ್ಟಿದ್ದರೆ, ನಿಮ್ಮ ಪ್ರಶ್ನೆ ಅದರ ಯಾವ ಸಾಲಿನಡಿ ಬರುತ್ತದೆ ಎಂದು ಮೊದಲ ಪುಟದಲ್ಲೇ ಬರೆಯಬೇಕು.

ವೃತ್ತಿಜೀವನದ ಆರಂಭದಲ್ಲಿರುವವರು, ಬಿಡುವು ತೆಗೆದುಕೊಂಡು ಮರಳಿದ ಮಹಿಳಾ ವಿಜ್ಞಾನಿಗಳು, ಪಿಎಚ್‌ಡಿ ಮಾಡಬಯಸುವ ಯುವ ವೈದ್ಯ ಅಧ್ಯಾಪಕರು ಆರೋಗ್ಯ ಸಂಶೋಧನಾ ಇಲಾಖೆಯ ಮಾನವ ಸಂಪನ್ಮೂಲ ಯೋಜನೆಯನ್ನು ನೋಡಬೇಕು. 2008ರಲ್ಲಿ ಆರಂಭವಾದ ಇಂಡಿಯಾ ಅಲಯನ್ಸ್, ಅಂದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್ಕಮ್ ದತ್ತಿಯ ಜಂಟಿ ಸಂಸ್ಥೆ, ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯದವರಿಗೂ ಫೆಲೋಶಿಪ್ ಕೊಡುತ್ತದೆ. ಅಲ್ಲಿ ಯೋಜನೆಯಷ್ಟೇ ವ್ಯಕ್ತಿಯನ್ನೂ ತೂಗುತ್ತಾರೆ, ಸಂದರ್ಶನವಿರುತ್ತದೆ. ಆದ್ದರಿಂದ ನಾಲ್ಕನೆಯ ಹಂತದ ಪೈಲಟ್ ಪ್ರಕಟಣೆಯಾಗಿದ್ದರೆ ಅದರ ಬಲ ಇಲ್ಲಿ ಹೆಚ್ಚು ಕಾಣುತ್ತದೆ. 2023ರ ಕಾಯಿದೆಯಿಂದ ಹುಟ್ಟಿ ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯನ್ನು (ಎಸ್‌ಇಆರ್‌ಬಿ) ತನ್ನೊಳಗೆ ಸೇರಿಸಿಕೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಯೋಜನೆಗಳು ಮೂಲವಿಜ್ಞಾನ ಮತ್ತು ತಂತ್ರಜ್ಞಾನದ ಕಡೆ ವಾಲಿದವರಿಗೆ ಹೊಂದುತ್ತವೆ.

ಕೈಯಲ್ಲಿರುವುದು ಪ್ರಶ್ನೆಯಲ್ಲ, ಒಂದು ಸಾಧನದ ಕಲ್ಪನೆ ಎಂದಾದರೆ ದಾರಿಯೇ ಬೇರೆ. ನಡೆಯಲು ಕಲಿಸುವ ಅಗ್ಗದ ಊರುಗೋಲೋ ಶ್ರವಣ ಸಾಧನವೋ ಮನಸ್ಸಿನಲ್ಲಿರುವವರು ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗಲು ಕೇಂದ್ರ ಸರ್ಕಾರ 2012ರಲ್ಲಿ ಸ್ಥಾಪಿಸಿದ ಬೈರಾಕ್‌ನ ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್‌ಗೆ ಅರ್ಜಿ ಹಾಕಬಹುದು. 18 ತಿಂಗಳಿಗೆ 50 ಲಕ್ಷ ರೂಪಾಯಿಯವರೆಗೆ ದೊರೆಯುವ ಆ ಹಣ ಕಲ್ಪನೆಯನ್ನು ಮಾದರಿಯಾಗಿ ಮಾಡಿ ತೋರಿಸಲು ಮಾತ್ರ, ಸಮೀಕ್ಷೆಗಲ್ಲ.

ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ಹಣವೂ ಇದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಡಿ ನಿಗದಿತ ಮಿತಿ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ವೆಚ್ಚಮಾಡಬೇಕಾಗಿರುವುದರಿಂದ, ನಂಜನಗೂಡು ಮತ್ತು ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಆದರೆ ಕಂಪನಿಗಳು ಶಿಬಿರಕ್ಕೆ, ಕಟ್ಟಡಕ್ಕೆ ಕೊಟ್ಟಷ್ಟು ಸುಲಭವಾಗಿ ಪ್ರಶ್ನಾವಳಿಗೆ ಕೊಡುವುದಿಲ್ಲ. ಸೇವೆಯೊಂದನ್ನು ಅವರ ಹಣದಲ್ಲಿ ನಡೆಸಿ, ಅದರ ಮೌಲ್ಯಮಾಪನವನ್ನು ಸಂಶೋಧನಾ ನಿಧಿಯಿಂದ ಮಾಡುವುದು ನಡೆಯಬಲ್ಲ ಏರ್ಪಾಡು.

ಏಳನೆಯ ಹಂತ: ಬಜೆಟ್

ಸಂಬಳದಿಂದ ಆರಂಭಿಸಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿ 1ರಿಂದ ಜಾರಿಗೆ ತಂದ ದರದಂತೆ ಕಿರಿಯ ಸಂಶೋಧನಾ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯ ಫೆಲೋಗೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಐಸಿಎಂಆರ್ ಯೋಜನಾ ಸಿಬ್ಬಂದಿಗೆ ತನ್ನದೇ ಹುದ್ದೆಯ ಹೆಸರು ಮತ್ತು ದರ ಇಟ್ಟುಕೊಂಡಿದೆ. ಅದರ ಅರ್ಜಿಯಲ್ಲಿ ಜೆಆರ್‌ಎಫ್ ಎಂದು ಬರೆಯುವುದು ಕರೆಯನ್ನು ಓದಿಲ್ಲ ಎಂದು ಸಾರಿದಂತೆ. ಬಾಡಿಗೆ ಭತ್ಯೆಯ ಲೆಕ್ಕದಲ್ಲಿ ಮೈಸೂರು ವೈ ವರ್ಗದ ನಗರ, ಮಂಡ್ಯ ಜೆಡ್ ವರ್ಗ. ನಲವತ್ತೈದು ಕಿಲೋಮೀಟರಿನ ಅಂತರದಲ್ಲಿ ದರ ಅರ್ಧಕ್ಕೆ ಇಳಿಯುವುದರಿಂದ ಸಿಬ್ಬಂದಿಯ ಕೇಂದ್ರಸ್ಥಾನ ಯಾವುದೆಂದು ಸ್ಪಷ್ಟವಾಗಿ ಬರೆಯಬೇಕು.

ಉಪಕರಣಕ್ಕೆ ಕೊಟೇಶನ್ ಲಗತ್ತಿಸಿ, ತೆರಿಗೆಯನ್ನು ಆ ಉಪಕರಣಕ್ಕೆ ಈಗ ಇರುವ ದರದಲ್ಲಿ ಸೇರಿಸಿ. ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈನಲ್ಲಿ ಹೋಯಿತು. ಹಳೆಯ ಅರ್ಜಿಯನ್ನು ನಕಲು ಮಾಡಿದವರು ಆಮೇಲೂ 5 ಎಂದೇ ಬರೆದು, ಖರೀದಿಯ ದಿನ ಹಣ ಸಾಲದೆ ಪರದಾಡಿದರು. ಇನ್ನೊಂದು ಮಾತು: ಭಾಗವಹಿಸಿದವರ ಬಸ್ ಚಾರ್ಜು ಮತ್ತು ಆ ದಿನದ ಕೂಲಿ ನಷ್ಟಕ್ಕೆ ಪರಿಹಾರವನ್ನು ಬಜೆಟ್ಟಿನಲ್ಲಿ ತೋರಿಸಲು ಸಂಕೋಚ ಬೇಡ. ಐಸಿಎಂಆರ್‌ನ ಮಾರ್ಗಸೂಚಿಯೂ ಅದನ್ನು ಒಪ್ಪುತ್ತದೆ.

ಎಂಟನೆಯ ಹಂತ: ವಿದೇಶಿ ಹಣವಾದರೆ

ವೆಲ್ಕಮ್, ಎನ್‌ಐಎಚ್‌ಆರ್‌ನಂತಹ ಸಂಸ್ಥೆಗಳ ಜಾಗತಿಕ ಆರೋಗ್ಯ ಯೋಜನೆಗಳಲ್ಲಿ ಭಾರತದ ಸಂಸ್ಥೆಗಳು ಪಾಲುದಾರರಾಗುತ್ತವೆ. ಅಂತಾರಾಷ್ಟ್ರೀಯ ಸಹಯೋಗಕ್ಕೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಐಸಿಎಂಆರ್ ಮೂಲಕ ಹೋಗುತ್ತದೆ. ಅದಕ್ಕೆ ಹಿಡಿಯುವ ತಿಂಗಳುಗಳನ್ನು ಕಾಲಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ವಿದೇಶಿ ವಂತಿಗೆ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು, ಮತ್ತು ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಮೈಸೂರಿನ ಸಂಸ್ಥೆ ಹಣ ಪಡೆದು ಮಂಡ್ಯದ ಸ್ವಯಂಸೇವಾ ಸಂಸ್ಥೆಗೆ ಪಾಲು ಕೊಡುವ ಹಳೆಯ ಪದ್ಧತಿ ಈಗ ನಡೆಯುವುದಿಲ್ಲ.

ಮಂಜೂರಾತಿಯ ನಂತರ, ಅಥವಾ ತಿರಸ್ಕಾರದ ನಂತರ

ಮಂಜೂರಾತಿ ಆದೇಶ ಬಂದ ವಾರದಲ್ಲೇ ಲೆಕ್ಕಪತ್ರ ವಿಭಾಗದವರೊಂದಿಗೆ ಕುಳಿತು ಪ್ರತಿ ಲೆಕ್ಕಶೀರ್ಷಿಕೆಗೆ ಪ್ರತ್ಯೇಕ ಪುಟ ತೆರೆಯಿಸಿ. ವರ್ಷದ ಕೊನೆಗೆ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಎರಡನೆಯ ಕಂತು ಬರುವುದಿಲ್ಲ. ನನಗೆ ಗೊತ್ತಿರುವ ಯೋಜನೆಯೊಂದರಲ್ಲಿ ಲೆಕ್ಕ ನೋಡುತ್ತಿದ್ದ ಗುಮಾಸ್ತರು ವರ್ಗವಾಗಿ ಹೋಗಿ, ವೋಚರುಗಳ ಕಟ್ಟು ಅವರ ಬೀರುವಿನಲ್ಲೇ ಉಳಿದು, ಕ್ಷೇತ್ರ ಸಿಬ್ಬಂದಿಗೆ ಐದು ತಿಂಗಳು ಸಂಬಳವಾಗಲಿಲ್ಲ. ಅಂದಿನಿಂದ ಪ್ರತಿ ವೋಚರಿನ ಪ್ರತಿಯನ್ನು ಸಂಶೋಧಕರ ಕೋಣೆಯಲ್ಲಿಯೂ ಇಡಬೇಕೆಂದು ಹೇಳುತ್ತಿದ್ದೇನೆ.

ತಿರಸ್ಕಾರ ಬಂದರೆ ಎರಡು ದಿನ ಆ ಪತ್ರವನ್ನು ಮುಟ್ಟಬೇಡಿ. ಮೂರನೆಯ ದಿನ ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ಪರಿಶೀಲಕರ ಪ್ರತಿ ಮಾತನ್ನೂ ಅವರ ಪದಗಳಲ್ಲೇ ಬರೆದು, ಬಲಕ್ಕೆ ಅದಕ್ಕೆ ಬೇಕಾದುದು ಹೊಸ ಮಾಹಿತಿಯೋ, ಹೊಸ ಸಹಸಂಶೋಧಕರೋ, ಬರವಣಿಗೆಯ ತಿದ್ದುಪಡಿಯೋ ಎಂದು ಗುರುತಿಸಿ. ಬರವಣಿಗೆ ಎಂದು ಗುರುತಿಸಿದವು ಒಂದು ವಾರದ ಕೆಲಸ. ಸಹಸಂಶೋಧಕರು ಬೇಕೆಂದಿದ್ದರೆ ಇದೇ ಊರಿನಲ್ಲಿ ಹುಡುಕಲು ಆರಂಭಿಸಿ. ಹೊಸ ಮಾಹಿತಿ ಎಂದು ಗುರುತಿಸಿದವು ಹೆಚ್ಚಿದ್ದರೆ ಮುಂದಿನ ಕರೆಗೆ ಆತುರದಿಂದ ಮರು ಅರ್ಜಿ ಹಾಕದೆ, ಆ ಪಟ್ಟಿಯನ್ನು ಹಿಡಿದುಕೊಂಡು ಮೂರನೆಯ ಹಂತಕ್ಕೆ, ಪುಟ್ಟ ಹಣದ ಹುಡುಕಾಟಕ್ಕೆ ಹಿಂದಿರುಗಿ.